ಫ್ಯಾಕ್ಟರಿ ಪಕ್ಕದ ಕೆರೆ ಪಾರ್ಕ್ ಆದರೆ ನೀರೂ ಶುದ್ಧವಾದಂತೆಯೇ?

ಒಂದು ಕಡೆ ಹಳೆಯ ಕೊಳಚೆ ಕೆರೆಯ ಫೋಟೊ, ಇನ್ನೊಂದು ಕಡೆ ಅದೇ ಕೆರೆಗೆ ವಾಕಿಂಗ್ ಪಾತ್, ಬೇಲಿ, ದೀಪ. ಕೆಳಗೆ "ಈಗ ಕೆರೆ ಪೂರ್ತಿ ಶುದ್ಧ, ಎಲ್ಲರಿಗೂ ಶೇರ್ ಮಾಡಿ" ಎಂಬ ಸಾಲು. ಇಂಥ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಬಾಗಲಗುಂಟೆ, ದಾಸರಹಳ್ಳಿ, ಚೊಕ್ಕಸಂದ್ರದಂತೆ ಪೀಣ್ಯದ ಆಸುಪಾಸಿನಲ್ಲಿ ಇರುವವರು ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಹೇಳಿಕೆ: ಪಾರ್ಕ್ ಆದ ಕೆರೆಯ ನೀರು, ಮಣ್ಣು ಎರಡೂ ಸುರಕ್ಷಿತ.

ವಾಸ್ತವ: ಪಾರ್ಕ್ ನೋಡಿ ಹಾಗೆ ಹೇಳಲು ಬರುವುದಿಲ್ಲ. ಪಾರ್ಕ್ ಎಂಬುದು ದಡದ ಕೆಲಸ. ಕೈಗಾರಿಕೆಯ ವಿಷ ಉಳಿಯುವುದು ಕೆರೆಯ ತಳದಲ್ಲಿ, ಅಂತರ್ಜಲದಲ್ಲಿ.

ಯಾಕೆ ಹೀಗೆ?

ಮನೆಗಳ ಕೊಳಚೆಯನ್ನು ಬ್ಯಾಕ್ಟೀರಿಯಾಗಳು ಕೊಳೆಸಬಲ್ಲವು, ಜೊಂಡಿನಂಥ ಗಿಡಗಳು ಅದರ ಪೋಷಕಾಂಶ ಹೀರಬಲ್ಲವು. ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ಕೊಳಚೆ ನೀರನ್ನು ಜೊಂಡಿನ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವುದು ಇದೇ ಕಾರಣಕ್ಕೆ. ಆದರೆ ಕ್ರೋಮಿಯಂ, ಸೀಸ, ನಿಕಲ್‌ನಂಥ ಲೋಹಗಳು ಕೊಳೆಯುವುದಿಲ್ಲ. ಹೂಳಿನಲ್ಲಿ ಕೂರುತ್ತವೆ, ಇಲ್ಲವೇ ನೀರಿನೊಂದಿಗೆ ಕೆಳಗಿಳಿಯುತ್ತವೆ. ಲೋಹಕ್ಕೆ ಹೊಳಪು ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಹೆಚ್ಚಿರುವ ಪೀಣ್ಯದ ಅಂತರ್ಜಲದಲ್ಲಿ, ಕ್ಯಾನ್ಸರ್‌ಕಾರಕವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಪತ್ತೆಯಾಗಿದೆ.

ಸಿಯಾಟಲ್‌ನ ಉದಾಹರಣೆ

ಅಮೆರಿಕದ ಸಿಯಾಟಲ್‌ನಲ್ಲಿ ಯೂನಿಯನ್ ಸರೋವರದ ದಡದಲ್ಲಿ 1906ರಿಂದ 1956ರವರೆಗೆ ಗ್ಯಾಸ್ ತಯಾರಿಸುವ ಕಾರ್ಖಾನೆ ಇತ್ತು. 1975ರಲ್ಲಿ ಅದು 'ಗ್ಯಾಸ್ ವರ್ಕ್ಸ್ ಪಾರ್ಕ್' ಆಯಿತು. ಕಲುಷಿತ ಮಣ್ಣನ್ನು ಸೂಕ್ಷ್ಮಜೀವಿಗಳ ನೆರವಿನಿಂದ ಶುದ್ಧ ಮಾಡಲು ಆಗಲೇ ಪ್ರಯತ್ನಿಸಿದ್ದರು. ಆದರೂ 1984ರಲ್ಲಿ ಮಣ್ಣಿನಲ್ಲಿ ವಿಷಕಾರಿ ರಾಸಾಯನಿಕ ಸಿಕ್ಕಿ ಪಾರ್ಕನ್ನು ಸ್ವಲ್ಪ ಕಾಲ ಮುಚ್ಚಬೇಕಾಯಿತು. ಇಂದು ಅಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಾರೆ, ಆದರೆ ಅಲ್ಲಿಂದ ನೀರಿಗಿಳಿಯುವಂತಿಲ್ಲ.

ಹಾಗಾದರೆ ಏನು ಮಾಡಬೇಕು?

* ಪಾರ್ಕಿನಲ್ಲಿ ವಾಕಿಂಗ್ ಮಾಡಲು ಹೆದರಬೇಕಿಲ್ಲ. ಲೋಹಗಳು ಮುಖ್ಯವಾಗಿ ದೇಹ ಸೇರುವುದು ಕುಡಿಯುವ ನೀರು ಮತ್ತು ಆಹಾರದ ಮೂಲಕ.
* ಇಂಥ ಕೆರೆಯ ಮೀನು, ದಡದ ಸೊಪ್ಪು, ದನಕ್ಕೆ ಹಾಕುವ ಹುಲ್ಲು ಪರೀಕ್ಷೆಯಾಗದೆ ಬೇಡ.
* ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರ ಎನ್ನುವುದು ಹಳ್ಳಿಯ ಕೆರೆಗೆ ಸರಿ. ಕಾರ್ಖಾನೆ ಪಕ್ಕದ ಕೆರೆಯದ್ದಾದರೆ ಮೊದಲು ಪರೀಕ್ಷೆ ಮಾಡಿಸಿ.
* ಬೋರ್‌ವೆಲ್ ನೀರು ಕುಡಿಯುತ್ತಿದ್ದರೆ ಲ್ಯಾಬ್‌ನಲ್ಲಿ 'ಲೋಹಗಳ ಪರೀಕ್ಷೆ' ಎಂದೇ ಕೇಳಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ.
* ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಲೋಹದ ಪ್ರಮಾಣ ಹೆಚ್ಚುತ್ತದೆ.

ಕೊನೆಯ ಮಾತು

ಕೆರೆ ದಡದಲ್ಲಿ ಪಾರ್ಕ್ ಆಗುವುದು ಒಳ್ಳೆಯದೇ. ಒತ್ತುವರಿ, ಕಸ ಸುರಿಯುವುದು ಕಡಿಮೆಯಾಗುತ್ತದೆ, ಜನರ ಕಣ್ಣು ಕೆರೆಯ ಮೇಲಿರುತ್ತದೆ. ಆದರೆ ನೀರು ಶುದ್ಧವಾಗಿದೆಯೇ ಎಂಬುದನ್ನು ಫೋಟೊ ಹೇಳುವುದಿಲ್ಲ, ಲ್ಯಾಬ್ ವರದಿ ಹೇಳುತ್ತದೆ. ಮುಂದಿನ ಸಲ ಇಂಥ ಫಾರ್ವರ್ಡ್ ಬಂದರೆ ಒಂದೇ ಪ್ರಶ್ನೆ ಕೇಳಿ: "ಟೆಸ್ಟ್ ರಿಪೋರ್ಟ್ ಇದೆಯಾ?"