ಅಗ್ಗದ ಸಿ.ಬಿ. ಬೇಸ್ ರೇಡಿಯೋ ತೋಟಕ್ಕೆ ಆಗುತ್ತಾ?

ಕಳೆದ ಮಳೆಗಾಲದ ಮಾತು. ಅಡಿಕೆಗೆ ಕೊಳೆ ಮದ್ದು ಹೊಡೆಸ್ತಾ ಇದ್ವಿ. ಎಂಜಿನ್, ಬೋರ್ಡೋ ಬ್ಯಾರಲ್ ಎರಡೂ ಕೆಳಗೆ ಹಳ್ಳದ ಬದಿ. ಪೈಪು ಹಿಡಿದ ಕೊನೆಗೌಡರು ಮೇಲಿನ ತೋಟದಲ್ಲಿ, ಮರದ ತುದೀಲಿ. ಪೈಪಿನ ಜಾಯಿಂಟ್ ಬಿಟ್ಕೊಂಡು ಮದ್ದು ಚಿಮ್ಮೋಕೆ ಶುರುವಾಯ್ತು. 'ನಿಲ್ಸೋ ನಿಲ್ಸೋ' ಅಂತ ಅವರು ಕೂಗಿದ್ದು ಎಂಜಿನ್ ಪಕ್ಕ ನಿಂತಿದ್ದ ನನಗೆ ಕೇಳಲೇ ಇಲ್ಲ. ಫೋನ್ ಮಾಡೋಣ ಅಂದ್ರೆ ಹಿಂದಿನ ರಾತ್ರಿಯಿಂದ ಕರೆಂಟಿಲ್ಲ, ಟವರೂ ಸತ್ತಿತ್ತು. ಅರ್ಧ ಬ್ಯಾರಲ್ ಮದ್ದು ಮಣ್ಣುಪಾಲು. ಅವರ ಕಣ್ಣಿಗೆ ಹಾರಿದ್ದು ಬೇರೆ. ಇಳಿಸಿ ನೀರು ಹಾಕಿ ತೊಳೆಯೋವರೆಗೂ ನನಗೆ ಜೀವ ಇರಲಿಲ್ಲ.

ಆಮೇಲೆ ರೇಡಿಯೋ ಹುಚ್ಚು ಹಿಡೀತು. ಪರಿಚಯದವರೊಬ್ಬರು ಅಮೆರಿಕದಿಂದ ತಂದ ಹಳೇ ಸಿ.ಬಿ. ಬೇಸ್ ಸ್ಟೇಷನ್ ಕೊಡ್ತೀನಿ ಅಂದ್ರು, 6,000 ರೂಪಾಯಿ. ಸಿ.ಬಿ. ಅಂದ್ರೆ ಸಿಟಿಜನ್ ಬ್ಯಾಂಡ್. ಅಲ್ಲಿ ಟ್ರಕ್ ಡ್ರೈವರುಗಳು ದಾರೀಲಿ ಮಾತಾಡ್ಕೊಳ್ಳೋದು ಇದರಲ್ಲೇ. ಬೇಸ್ ಅಂದ್ರೆ ಮನೆ ಮೇಜಿನ ಮೇಲಿಟ್ಟು, ಮಾಡಿನ ಮೇಲೆ ಆಂಟೆನಾ ನಿಲ್ಲಿಸಿ ಮಾತಾಡೋ ಸೆಟ್. 'ಇದಕ್ಕೆ ಲೈಸೆನ್ಸೇ ಬೇಡ' ಅಂತಲೂ ಹೇಳಿದ್ರು.

ಅದು ಅರ್ಧ ಸತ್ಯ. ನಮ್ಮ ದೇಶದಲ್ಲಿ 2005ರ ನಿಯಮದ ಪ್ರಕಾರ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ವಿನಾಯಿತಿ ಇದೆ, ನಿಜ. ಆದ್ರೆ ಶಕ್ತಿ 5 ವ್ಯಾಟ್ ಮೀರಬಾರದು, ಆಂಟೆನಾ ಸೆಟ್‌ಗೇ ಜೋಡಿಸಿದ್ದಾಗಿರಬೇಕು. ಮಾಡಿನ ಮೇಲೆ ಕಂಬ ನಿಲ್ಲಿಸಿದ ಕೂಡಲೇ ವಿನಾಯಿತಿಯಿಂದ ಹೊರಗೆ ಬಂದ್ರಿ. ಬೇಸ್ ಸೆಟ್ಟಿಗೆ ಆ ಆಂಟೆನಾ ಇಲ್ಲದಿದ್ರೆ ಅದು ಮೂಕಪೆಟ್ಟಿಗೆ!

ಕಾನೂನು ಬದಿಗಿಟ್ಟರೂ ಲೆಕ್ಕ ಕೂಡಲ್ಲ. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗದ ಆಂಟೆನಾ ಅಂದ್ರೂ 9 ಅಡಿ. ಮನೆ ಮೇಲೆ ಅದನ್ನ ನಿಲ್ಲಿಸಬಹುದು; ಮರ ಹತ್ತೋರ ಸೊಂಟದಲ್ಲಿ? ಅವರ ಕೈಸೆಟ್‌ನ ಗಿಡ್ಡ ಆಂಟೆನಾದಿಂದ ಹೊರಡೋ ಅಲೆ ತೀರಾ ದುರ್ಬಲ. ನಿಮ್ಮ ಮಾತು ಅವರಿಗೆ ಕೇಳ್ಬಹುದು, ಅವರ ಉತ್ತರ ನಿಮಗೆ ಬರಲ್ಲ. ನನಗೆ ಬೇಕಿದ್ದದ್ದೇ ಆ ಉತ್ತರ.

ಇನ್ನೊಂದು ವಿಷಯ. ಅಮೆರಿಕದ ಮೇಜಿನ ಸೆಟ್ ಬಹಳಷ್ಟು 120 ವೋಲ್ಟ್‌ನವು. ನಮ್ಮ 230ಕ್ಕೆ ನೇರ ಸಿಕ್ಕಿಸಿದ್ರೆ ಸುಟ್ಟೇ ಹೋಗ್ತದೆ. ಟ್ರಾನ್ಸ್‌ಫಾರ್ಮರ್, ಕೇಬಲ್, ಕಂಬ, ಸಿಡಿಲಿಗೆ ಅರ್ಥಿಂಗ್ ಎಲ್ಲ ಸೇರಿದ್ರೆ 6,000 ಬರೀ ಮುಂಗಡ. ಏಪ್ರಿಲ್-ಮೇ ಸಿಡಿಲು ನೋಡಿದವರಿಗೆ ಕಂಬದ ಅಪಾಯ ನಾನು ಹೇಳಬೇಕಿಲ್ಲ.

ಬೇಸ್ ಬಿಟ್ಟೆ. 446.0ರಿಂದ 446.2 ಮೆಗಾಹರ್ಟ್ಸ್‌ನ ಎರಡು ವಾಕಿಟಾಕಿ ತಗೊಂಡೆ; ಈ ಪಟ್ಟಿಗೂ ವಿನಾಯಿತಿ ಇದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಎರಡು ನೋಡಿ: ಯಾವ ಫ್ರೀಕ್ವೆನ್ಸಿ, ಇ.ಟಿ.ಎ. ಪ್ರಮಾಣಪತ್ರ ಇದೆಯಾ. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಮಾರಾಟದ ಪುಟದಲ್ಲೇ ಇವು ಇರಬೇಕು. ಯಾವ ಫ್ರೀಕ್ವೆನ್ಸಿಗೆ ಬೇಕಾದ್ರೂ ತಿರುಗಿಸಬಹುದಾದ ಅಗ್ಗದ ಹ್ಯಾಮ್ ಸೆಟ್ ಬೇಡ. ಹ್ಯಾಮ್ ಪರೀಕ್ಷೆ ಪಾಸಾದರೂ ಅದನ್ನ ವ್ಯವಹಾರದ ಮಾತುಕತೆಗೆ ಬಳಸುವಂತಿಲ್ಲ.

ಡಬ್ಬದ ಮೇಲಿನ ಕಿಲೋಮೀಟರ್ ನಂಬಬೇಡಿ, ಅದು ಬಯಲಿನ ಲೆಕ್ಕ. ಯಾರದ್ದಾದ್ರೂ ಜೊತೆ ಸೆಟ್ ಎರವಲು ತಂದು, ಮಳೆ ಬಿದ್ದು ಎಲೆ ಒದ್ದೆ ಇರೋ ದಿನವೇ ತೋಟ ಸುತ್ತಿ ನೋಡಿ. ನಮ್ಮಲ್ಲಿ ಎಂಜಿನ್‌ನಿಂದ ಮೇಲಿನ ತೋಟಕ್ಕೆ ಚೆನ್ನಾಗಿ ಕೇಳ್ತದೆ. ಗುಡ್ಡದ ಆಚೆ ತಿರುವಿನಲ್ಲಿ ಪೂರ್ತಿ ಮೌನ. ಅಲ್ಲಿ ಮದ್ದು ಹೊಡೆಯೋ ದಿನ ತಮ್ಮ ನಡುವಿನ ದಿಣ್ಣೆ ಮೇಲೆ ನಿಂತು ಕೈಸನ್ನೆ ಮಾಡ್ತಾನೆ.

ಮೊದಲ ದಿನವೇ ಒಂದು ಎಡವಟ್ಟಾಯ್ತು ಅನ್ನಿ. ಸೆಟ್ ಸೊಂಟದಲ್ಲೇ ಇತ್ತು, ಎಂಜಿನ್ ಸದ್ದಿಗೆ ಅದೂ ಕೇಳಲಿಲ್ಲ. ಈಗ ಎಂಜಿನ್ ಬದಿ ನಿಲ್ಲೋರಿಗೆ ಇಯರ್‌ಫೋನ್ ಕಡ್ಡಾಯ. ಕೊನೆಗೌಡರ ಸೆಟ್ ಎದೆ ಮೇಲೆ, ಪ್ಲಾಸ್ಟಿಕ್ ಕವರ್ ಒಳಗೆ. ಮರ ಹತ್ತೋಕೆ ಮುಂಚೆ ಅವರು 'ಹಲೋ, ಕೇಳ್ತಾ ಮಾರಾಯ?' ಅಂತಾರೆ. ನಾನು ಹೂಂ ಅನ್ನೋವರೆಗೂ ಹತ್ತಲ್ಲ.