ಟಪಾಲು ಯಾರ ಕೈ ಸೇರುತ್ತದೆ?



ಸಂಘದ ಮಹಾಸಭೆಯ ತಿಳುವಳಿಕೆ ಪತ್ರ, ಅಡಿಕೆ ಟೆಂಡರಿನ ದಿನಾಂಕ, ಕಾಫಿ ಧಾರಣೆ, ಗೊಬ್ಬರ ಹಾಗೂ ಮೈಲುತುತ್ತದ ದಾಸ್ತಾನು ಬಂದ ಸುದ್ದಿ, ಸಾಲದ ಕಂತಿನ ಜ್ಞಾಪನ – ಇವೆಲ್ಲ ಈಗ ಅಂಚೆಯ ಜೊತೆಗೆ ಈ-ಮೇಲ್ ಮೂಲಕವೂ ಹೋಗುತ್ತಿರುವುದು ತಮಗೆಲ್ಲ ತಿಳಿದ ಸಂಗತಿ. ಅಂಚೆಯ ಕಾಗದ ತಲಪದಿದ್ದರೆ ಪೋಸ್ಟ್‌ಮ್ಯಾನನ್ನು ನಿಲ್ಲಿಸಿ ಕೇಳಬಹುದು. ಈ-ಮೇಲ್ ತಲಪದಿದ್ದರೆ ಕೇಳುವುದು ಯಾರನ್ನು? ಕಚೇರಿಯವರು ‘ಕಳಿಸಿದ್ದೇವೆ’ ಎನ್ನುತ್ತಾರೆ, ಸದಸ್ಯರು ‘ಬಂದಿಲ್ಲ’ ಎನ್ನುತ್ತಾರೆ. ಇಬ್ಬರ ಮಾತೂ ನಿಜವೇ ಆಗಿರಬಹುದು. ಮಹಾಸಭೆಯ ತಿಳುವಳಿಕೆ ತಲಪದ ಸದಸ್ಯರಿಗೆ ತಮ್ಮ ಮಾತು ಹೇಳುವ, ಮತ ಕೊಡುವ ಸಂದರ್ಭವೇ ತಪ್ಪಿಹೋಗುತ್ತದೆಯಾದ್ದರಿಂದ ಇದು ಬರಿಯ ಯಂತ್ರದ ವಿಷಯವೆಂದು ಬಿಡುವಂತಿಲ್ಲ. ಈ ತಕರಾರನ್ನು ಊಹೆಯಿಂದಲ್ಲದೆ ದಾಖಲೆಯಿಂದ ಬಗೆಹರಿಸುವ ದಾರಿಯಿದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿಳಾಸ ಬೇರೆ, ಪಡೆಯುವವರು ಬೇರೆ

ಪಹಣಿಯಲ್ಲಿ ಹೆಸರು ಒಬ್ಬರದು, ತೋಟ ನೋಡಿಕೊಳ್ಳುತ್ತಿರುವವರು ಇನ್ನೊಬ್ಬರು ಎಂಬುದು ನಮ್ಮ ಕಡೆ ಹೊಸತಲ್ಲ. ಈ-ಮೇಲ್ ವಿಳಾಸದ ಸಂಗತಿಯೂ ಹಾಗೆಯೇ. ಪರದೆಯ ಮೇಲೆ ಕಾಣುವುದು ಬರಿಯ ಹೆಸರು. ಆ ಹೆಸರಿಗೆ ಬಂದ ಪತ್ರವನ್ನು ಯಾವ ಪೆಟ್ಟಿಗೆಗೆ ಹಾಕಬೇಕೆಂಬುದು ಟಪಾಲು ಹಂಚುವ ಯಂತ್ರದ, ಅಂದರೆ ಮೇಲ್ ಸರ್ವರಿನ, ಒಂದು ರಿಜಿಸ್ಟರಿನಲ್ಲಿ ಬರೆದಿರುತ್ತದೆ. ಅದಕ್ಕೆ ಡೈರೆಕ್ಟರಿ ಎಂದು ಹೆಸರು. ಒಂದು ವಿಳಾಸವು ಒಬ್ಬರ ಸ್ವಂತ ಪೆಟ್ಟಿಗೆಯಾಗಿರಬಹುದು. ಕಚೇರಿಯ ಮೂರು ಜನ ಗುಮಾಸ್ತರು ತೆರೆದು ನೋಡುವ ಸಾಮಾನ್ಯ ಪೆಟ್ಟಿಗೆಯಾಗಿರಬಹುದು. ಅಥವಾ ಹಿಂದೆ ನೂರಾರು ಜನರಿರುವ ಒಂದು ಗುಂಪಿನ ಹೆಸರಾಗಿರಬಹುದು. ಒಂದೇ ಪೆಟ್ಟಿಗೆಗೆ ನಾಲ್ಕು ಹೆಸರುಗಳೂ ಇರಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರಹ ಕಾಣುತ್ತವೆ.

ಆದುದರಿಂದ ‘ಪತ್ರ ಯಾರಿಗೆ ಕಳಿಸಿದಿರಿ?’ ಎಂದು ಕೇಳಿದರೆ ಸಾಲದು. ‘ಆ ವಿಳಾಸದ ಹಿಂದೆ ಯಾರಿದ್ದಾರೆ?’ ಎಂದು ಕೇಳಬೇಕು.

ಹಿಂದೆ ಯಾರು ಬೇಕಾದರೂ ಕೇಳಬಹುದಿತ್ತು

1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಇಂಜಿನಿಯರರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸುವಾಗ, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘ಅಟ್’ ಚಿಹ್ನೆಯನ್ನು ಇಟ್ಟರು. ಆ ಪದ್ಧತಿಯೇ ಇಂದಿಗೂ ಉಳಿದಿದೆ. 1982ರಲ್ಲಿ ಜೊನಾಥನ್ ಪೋಸ್ಟೆಲ್ ಅವರು ಎಸ್.ಎಂ.ಟಿ.ಪಿ. ಎಂಬ ಟಪಾಲು ನಿಯಮಗಳನ್ನು ಬರೆದಾಗ ಅದರಲ್ಲಿ ಎರಡು ವಿಶೇಷ ಪ್ರಶ್ನೆಗಳಿಗೆ ಎಡೆಯಿತ್ತು. ‘ವೆರಿಫೈ’ ಎಂದು ಕೇಳಿದರೆ ಈ ಹೆಸರಿನವರು ಇಲ್ಲಿದ್ದಾರೆಯೇ ಎಂಬುದನ್ನು ಸರ್ವರ್ ಹೇಳುತ್ತಿತ್ತು. ‘ಎಕ್ಸ್‌ಪ್ಯಾಂಡ್’ ಎಂದು ಕೇಳಿದರೆ ಒಂದು ಗುಂಪಿನ ಹೆಸರಿನ ಹಿಂದಿರುವ ಎಲ್ಲರ ಪಟ್ಟಿಯನ್ನೂ ಬಿಚ್ಚಿಡುತ್ತಿತ್ತು.

ಆದರೆ ಬಾಗಿಲು ತೆರೆದಿಟ್ಟ ಮನೆಗೆ ನೆಂಟರು ಮಾತ್ರ ಬರುವುದಿಲ್ಲವಷ್ಟೆ. ಜಾಹೀರಾತು ತುರುಕುವವರು, ಮೋಸಗಾರರು ಇದೇ ಪ್ರಶ್ನೆಗಳಿಂದ ವಿಳಾಸಗಳನ್ನು ಬಾಚಿಕೊಳ್ಳತೊಡಗಿದ ಮೇಲೆ ಹೆಚ್ಚಿನ ಸರ್ವರುಗಳಲ್ಲಿ ಇವೆರಡನ್ನೂ ಮುಚ್ಚಿಬಿಟ್ಟರು. ಈಗ ರಿಜಿಸ್ಟರನ್ನು ನೋಡಬಲ್ಲವರು ಆ ಸರ್ವರಿನ ಆಡಳಿತಾಧಿಕಾರ ಪಡೆದವರು ಮಾತ್ರ. ಸದಸ್ಯರ ಪರವಾಗಿ ನೋಡುವ ಹೊಣೆ ಸಂಘದ ಕಚೇರಿಯ ಮೇಲೆ ಬೀಳುವುದು ಈ ಕಾರಣದಿಂದ.

ಒಂದು ಸಾಲಿನಲ್ಲಿ ಕೇಳುವ ಕ್ರಮ

ನಮ್ಮ ಸಂಘದ ಟಪಾಲು ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಚೇಂಜ್ ಆನ್‌ಲೈನ್ ಎಂಬ ಸೇವೆಯಲ್ಲಿದೆ. 2007ರ ಎಕ್ಸ್‌ಚೇಂಜ್ ಆವೃತ್ತಿಯಿಂದೀಚೆಗೆ ಈ ವ್ಯವಸ್ಥೆಯ ಆಡಳಿತವನ್ನು ಪವರ್‌ಶೆಲ್ ಎಂಬ ಸಾಧನದ ಮೂಲಕ ನಡೆಸಬಹುದಾಗಿದೆ. ಪರದೆಯ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಒತ್ತುವ ಬದಲು, ಒಂದು ಸಾಲು ಟೈಪು ಮಾಡಿ ಕೇಳುವುದು, ಉತ್ತರ ಪಡೆಯುವುದು, ಇಷ್ಟೇ ಇದರ ಕ್ರಮ. ಒಬ್ಬರ ವಿವರ ಬೇಕಿದ್ದರೆ ಗುಂಡಿ ಒತ್ತಿಯೂ ನೋಡಬಹುದು. ಸಾವಿರ ಜನರ ವಿವರವನ್ನು ಒಟ್ಟಿಗೆ ತಾಳೆ ನೋಡುವುದಿದ್ದರೆ ಈ ಸಾಲೇ ಅನುಕೂಲ.

ಇಲ್ಲಿನ ಆಜ್ಞೆಗಳಲ್ಲಿ ಮೊದಲ ಪದ ಕೆಲಸವನ್ನೂ ಎರಡನೆಯ ಪದ ವಸ್ತುವನ್ನೂ ಹೇಳುತ್ತದೆ. ‘ಗೆಟ್’ ಎಂದರೆ ತಂದು ತೋರಿಸು. ‘ಸೆಟ್’ ಎಂದರೆ ಬದಲಿಸು. ‘ನ್ಯೂ’ ಎಂದರೆ ಹೊಸದಾಗಿ ಮಾಡು. ‘ರಿಮೂವ್’ ಎಂದರೆ ತೆಗೆದುಹಾಕು. ಹೀಗಾಗಿ ಗೆಟ್ ಎಂದು ಆರಂಭವಾಗುವ ಸಾಲು ರಿಜಿಸ್ಟರನ್ನು ಓದುತ್ತದೆಯೇ ಹೊರತು ತಿದ್ದುವುದಿಲ್ಲ. ವಿಳಾಸ ಪರಿಶೀಲಿಸುವ ಗುಮಾಸ್ತರಿಗೆ ನೋಡುವ ಅಧಿಕಾರವನ್ನಷ್ಟೇ ಕೊಟ್ಟು ತಿದ್ದುವ ಅಧಿಕಾರವನ್ನು ಬೇರೆ ಇಡಲು ಈ ವ್ಯವಸ್ಥೆಯಲ್ಲಿ ಅವಕಾಶವಿದೆ. ಯಾವ ಸಂಘದವರೇ ಆಗಲಿ ಹಾಗೆ ಮಾಡುವುದು ಕ್ಷೇಮ.

ಮುಖ್ಯವಾದ ಆಜ್ಞೆ ‘ಗೆಟ್-ರೆಸಿಪಿಯೆಂಟ್’. ಇದರ ಮುಂದೆ ವಿಳಾಸವನ್ನು ಬರೆದರೆ ಅದು ಯಾರದು, ಯಾವ ಬಗೆಯದು ಎಂಬುದು ಬರುತ್ತದೆ. ‘ಯೂಸರ್ ಮೇಲ್‌ಬಾಕ್ಸ್’ ಎಂದು ಬಂದರೆ ಒಬ್ಬರ ಸ್ವಂತ ಪೆಟ್ಟಿಗೆ. ‘ಶೇರ್ಡ್ ಮೇಲ್‌ಬಾಕ್ಸ್’ ಎಂದರೆ ಹಲವರ ಸಾಮಾನ್ಯ ಪೆಟ್ಟಿಗೆ. ‘ಮೇಲ್ ಕಾಂಟ್ಯಾಕ್ಟ್’ ಎಂದರೆ ಪೆಟ್ಟಿಗೆ ನಮ್ಮಲ್ಲಿಲ್ಲ, ಹೊರಗಿನ ವಿಳಾಸವನ್ನು ಬರೆದಿಟ್ಟುಕೊಂಡಿದೆ ಎಂದರ್ಥ. ಜಿ-ಮೇಲ್ ವಿಳಾಸ ಕೊಟ್ಟ ಸದಸ್ಯರೆಲ್ಲ ಬರುವುದು ಈ ವರ್ಗದಲ್ಲಿ. ‘ಡಿಸ್ಟ್ರಿಬ್ಯೂಷನ್ ಗ್ರೂಪ್’ ಎಂದರೆ ಗುಂಪು. ಒಂದು ಪೆಟ್ಟಿಗೆಗೆ ಹಲವು ಹೆಸರುಗಳಿದ್ದರೆ ಮುಖ್ಯ ವಿಳಾಸದ ಹಿಂದೆ ಎಸ್.ಎಂ.ಟಿ.ಪಿ. ಎಂಬುದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿಯೂ ಉಪವಿಳಾಸಗಳ ಹಿಂದೆ ಚಿಕ್ಕಕ್ಷರಗಳಲ್ಲಿಯೂ ಇರುತ್ತದೆ.

ಹೆಸರಿನಿಂದ ಹುಡುಕುವುದೂ ಸಾಧ್ಯ. ಆದರೆ ಒಂದೇ ಗ್ರಾಮದಲ್ಲಿ ನಾಲ್ವರು ಮಂಜುನಾಥರು, ಐವರು ಗಣಪತಿಯರು ಇರುವ ನಮ್ಮ ಸೀಮೆಯಲ್ಲಿ ಹೆಸರನ್ನು ನಂಬಿ ಕೂರುವಂತಿಲ್ಲ. ರಿಜಿಸ್ಟರಿನ ಪ್ರತಿ ನಮೂದಿಗೂ ನಮಗೆ ಬೇಕಾದುದನ್ನು ಬರೆದುಕೊಳ್ಳಲು 15 ಖಾಲಿ ಅಂಕಣಗಳಿವೆ. ಅವುಗಳಲ್ಲಿ ಮೊದಲನೆಯದರಲ್ಲಿ ಸದಸ್ಯತ್ವ ಸಂಖ್ಯೆಯನ್ನು ಬರೆದಿಟ್ಟರೆ ಆ ಸಂಖ್ಯೆಯಿಂದಲೇ ಹುಡುಕಬಹುದು. ಹೆಸರು ನಾಲ್ವರಿಗಿದ್ದರೂ ಸಂಖ್ಯೆ ಒಬ್ಬರಿಗೇ ತಾನೆ.

ಗುಂಪಿನ ಪಟ್ಟಿಯಲ್ಲಿ ಅಡಗಿರುವ ತೊಡಕು

ಎಲ್ಲ ಸದಸ್ಯರಿಗೆ ಹೋಗುವ ಪತ್ರ ಒಂದೇ ಗುಂಪು ವಿಳಾಸಕ್ಕೆ ಹೋಗುತ್ತದೆ. ಗುಂಪಿನಲ್ಲಿ ಹೆಸರಿಲ್ಲದವರಿಗೆ ಪತ್ರ ಹೋಗುವುದಿಲ್ಲ. ಹೋಗಲಿಲ್ಲವೆಂಬ ಸೂಚನೆಯೂ ಕಚೇರಿಗೆ ಬರುವುದಿಲ್ಲ. ಯಾಕೆಂದರೆ ಯಂತ್ರದ ಲೆಕ್ಕದಲ್ಲಿ ಯಾರೂ ಬಿಟ್ಟುಹೋಗಿಲ್ಲ. ಆದುದರಿಂದ ‘ಗೆಟ್-ಡಿಸ್ಟ್ರಿಬ್ಯೂಷನ್‌ಗ್ರೂಪ್‌ಮೆಂಬರ್’ ಎಂಬ ಆಜ್ಞೆಯಿಂದ ಗುಂಪಿನ ಪಟ್ಟಿಯನ್ನು ತೆಗೆದು ಷೇರು ರಿಜಿಸ್ಟರಿನೊಡನೆ ತಾಳೆ ನೋಡಬೇಕು.

ಇಲ್ಲಿ ಒಂದು ಮಾತನ್ನು ನೆನಪಿಡತಕ್ಕದ್ದು. ಬೇರೆ ಏನೂ ಹೇಳದಿದ್ದರೆ ಈ ಆಜ್ಞೆಗಳು ಮೊದಲ 1000 ಹೆಸರುಗಳನ್ನು ಮಾತ್ರ ತೋರಿಸಿ ನಿಲ್ಲುತ್ತವೆ. ಇನ್ನೂ ಹೆಸರುಗಳಿವೆ ಎಂಬ ಎಚ್ಚರಿಕೆಯ ಸಾಲೊಂದು ಬರುತ್ತದಾದರೂ ಅವಸರದಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು. ಸಾವಿರಕ್ಕಿಂತ ಹೆಚ್ಚು ಸದಸ್ಯರಿರುವ ಸಂಘದಲ್ಲಿ ಆಜ್ಞೆಯ ಕೊನೆಗೆ ‘ರಿಸಲ್ಟ್‌ಸೈಜ್ ಅನ್‌ಲಿಮಿಟೆಡ್’ ಎಂದು ಸೇರಿಸಿದರೆ ಮಾತ್ರ ಪೂರ್ತಿ ಪಟ್ಟಿ ಸಿಗುತ್ತದೆ. ಪತ್ರಗಳು ಹೋಗುವುದಕ್ಕೆ ಈ ಮಿತಿ ಅಡ್ಡಿಯಲ್ಲ. ಪಟ್ಟಿ ತೋರಿಸುವುದಕ್ಕೆ ಮಾತ್ರ. ಅರ್ಧ ಪಟ್ಟಿಯನ್ನು ಪೂರ್ತಿ ಎಂದು ತಿಳಿದು ತಾಳೆ ನೋಡಿದರೆ ಇದ್ದವರನ್ನು ಇಲ್ಲವೆಂದು ಬರೆಯಬೇಕಾದೀತು.

ಇನ್ನೊಂದು ಸಂಗತಿ. ಹೊಸದಾಗಿ ಮಾಡಿದ ಗುಂಪು ಸಾಮಾನ್ಯವಾಗಿ ಸಂಘದ ಒಳಗಿನ ವಿಳಾಸಗಳಿಂದ ಬಂದ ಪತ್ರವನ್ನು ಮಾತ್ರ ಸ್ವೀಕರಿಸುತ್ತದೆ. ಸದಸ್ಯರು ತಮ್ಮ ಸ್ವಂತ ವಿಳಾಸದಿಂದ ಗುಂಪಿಗೆ ಉತ್ತರ ಬರೆದರೆ ಅದು ಮರಳಿ ಬರುತ್ತದೆ. ಇದು ಯಾರನ್ನೂ ದೂರವಿಡಲು ಮಾಡಿದ್ದಲ್ಲ, ಹೊರಗಿನವರ ಕಸ ಎಲ್ಲರ ಪೆಟ್ಟಿಗೆಗೂ ಬೀಳದಿರಲೆಂದು ಇಟ್ಟ ತಡೆ.

ಕದ್ದು ಹೋಗುವ ಪ್ರತಿ

ಪಾಸ್‌ವರ್ಡ್ ಕದ್ದ ಮೋಸಗಾರರು ಪೆಟ್ಟಿಗೆಯನ್ನು ಕೆಡಿಸದೆ, ಅದಕ್ಕೆ ಬರುವ ಪತ್ರಗಳ ಪ್ರತಿ ತಮಗೂ ಬರುವಂತೆ ಒಂದು ವಿಳಾಸವನ್ನು ಬರೆದಿಟ್ಟು ಸುಮ್ಮನಿರುವುದುಂಟು. ಮಾಲಿನ ಹಣ ಪಾವತಿಯ ಮಾತು ಬಂದಾಗ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಸುಳ್ಳು ಪತ್ರ ಬರುತ್ತದೆ. ಇದನ್ನು ಪತ್ತೆಹಚ್ಚಲು ‘ಗೆಟ್-ಮೇಲ್‌ಬಾಕ್ಸ್’ ಆಜ್ಞೆಯಿಂದ ಎಲ್ಲ ಪೆಟ್ಟಿಗೆಗಳ ‘ಫಾರ್ವರ್ಡಿಂಗ್’ ಅಂಕಣಗಳನ್ನೂ, ‘ಗೆಟ್-ಇನ್‌ಬಾಕ್ಸ್‌ರೂಲ್’ ಆಜ್ಞೆಯಿಂದ ಪ್ರತಿ ಪೆಟ್ಟಿಗೆಯ ನಿಯಮಗಳನ್ನೂ ನೋಡಬೇಕು. ಗುರುತಿಲ್ಲದ ವಿಳಾಸ ಕಂಡರೆ ಅದೇ ಕಳ್ಳಗಿಂಡಿ. ಏನೇ ಇರಲಿ, ಖಾತೆ ಬದಲಾವಣೆಯ ಮಾತನ್ನು ಈ-ಮೇಲ್ ಒಂದನ್ನೇ ನಂಬಿ ಸದಸ್ಯರೂ ಒಪ್ಪಬಾರದು, ಕಚೇರಿಯೂ ಒಪ್ಪಬಾರದು. ಮೊದಲೇ ಗೊತ್ತಿರುವ ಫೋನ್ ಸಂಖ್ಯೆಗೆ ಕರೆ ಮಾಡಿ ಕೇಳಬೇಕು.

ರಿಜಿಸ್ಟರ್ ಹೇಳದಿರುವುದು

ವಿಳಾಸ ಸರಿಯಿದೆ, ಗುಂಪಿನಲ್ಲಿ ಹೆಸರೂ ಇದೆ, ಆದರೂ ಪತ್ರ ಬಂದಿಲ್ಲ ಎಂದಾದರೆ ಪತ್ರದ ಜಾಡು ಹಿಡಿಯಬೇಕು. ಅದಕ್ಕೆ ‘ಮೆಸೇಜ್ ಟ್ರೇಸ್’ ಎಂಬ ಆಜ್ಞೆಯಿದೆ. ಹಿಂದಿನ 90 ದಿನಗಳೊಳಗಿನ ಪತ್ರಗಳನ್ನು, ಒಂದು ಬಾರಿಗೆ 10 ದಿನಗಳಂತೆ, ಹುಡುಕಬಹುದು. ಗುಂಪು ವಿಳಾಸದ ಮುಂದೆ ‘ಎಕ್ಸ್‌ಪ್ಯಾಂಡೆಡ್’ ಎಂದಿದ್ದರೆ ಪತ್ರವನ್ನು ಒಬ್ಬೊಬ್ಬರಿಗೂ ಹಂಚಲಾಗಿದೆ ಎಂದಷ್ಟೇ ಅರ್ಥ. ತಲಪಿತೇ ಎಂಬುದಕ್ಕೆ ಆ ಸದಸ್ಯರ ಹೆಸರಿನ ಸಾಲನ್ನೇ ನೋಡಬೇಕು. ‘ಡೆಲಿವರ್ಡ್’ ಎಂದಿದ್ದರೆ ಅವರ ಪೆಟ್ಟಿಗೆಯಿರುವ ಸರ್ವರು ಅದನ್ನು ತೆಗೆದುಕೊಂಡಿದೆ. ಅಲ್ಲಿಂದ ಮುಂದೆ ಅದು ಸ್ಪ್ಯಾಮ್ ಎಂಬ ಕಸದ ಮೂಲೆಗೆ ಬಿದ್ದಿದ್ದರೆ ನೋಡಬೇಕಾದವರು ಸದಸ್ಯರೇ. ‘ಫೇಲ್ಡ್’ ಎಂದಿದ್ದರೆ ಕಾರಣದ ಸಂಖ್ಯೆಯೂ ಇರುತ್ತದೆ: 5.1.1 ಎಂದರೆ ಆ ವಿಳಾಸವೇ ಇಲ್ಲ, 5.2.2 ಎಂದರೆ ಪೆಟ್ಟಿಗೆ ತುಂಬಿದೆ.

ಜಿ-ಮೇಲ್ ಇಟ್ಟುಕೊಂಡವರಿಗೆ ಉಚಿತವಾಗಿ ಸಿಗುವ ಜಾಗ 15 ಜಿ.ಬಿ. ಮೊಬೈಲಿನಿಂದ ಗೂಗಲ್‌ನಲ್ಲಿ ಉಳಿಸಿದ ಮದುವೆ, ಉಪನಯನಗಳ ಫೋಟೋಗಳೂ ಇದೇ ಜಾಗದಲ್ಲಿ ಸೇರುತ್ತವೆ. ಅದು ತುಂಬಿದರೆ ಪತ್ರ ಬರುವುದೂ ನಿಂತೀತು. ಎರಡು ವರ್ಷಗಳ ಕಾಲ ಬಳಸದ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ ಕಂಪನಿ 2023ರಲ್ಲಿ ತಂದಿದೆ.

ಸದಸ್ಯರು ಮಾಡಬೇಕಾದುದು

ಯಂತ್ರದ ರಿಜಿಸ್ಟರ್ ಬರೆದದ್ದನ್ನು ಮಾತ್ರ ಹೇಳುತ್ತದೆ. ಮನೆಯಲ್ಲಿ ಪಾಲಾದದ್ದು, ಹಿರಿಯರು ತೀರಿಕೊಂಡು ಷೇರು ಮಗಳ ಹೆಸರಿಗೆ ಆದದ್ದು, ಬೆಂಗಳೂರಿನ ಮಗನ ವಿಳಾಸ ಕೊಟ್ಟಿದ್ದು ಆತ ಕೆಲಸ ಬಿಟ್ಟ ಮೇಲೆ ನಿಂತುಹೋದದ್ದು ಅದಕ್ಕೆ ತಿಳಿಯದು. ಪಾಲಾದ ನಂತರವೂ ನೋಟೀಸು ಅಣ್ಣನೊಬ್ಬನಿಗೇ ಹೋಗುತ್ತಿದ್ದರೆ ತಮ್ಮನ ಹಕ್ಕು ಕಾಗದದಲ್ಲಿ ಉಳಿಯುತ್ತದೆಯೇ ವಿನಾ ಕೈಗೆ ಬರುವುದಿಲ್ಲ.

ಆದುದರಿಂದ ತಾವು ಸಂಘಕ್ಕೆ ಬಂದಾಗ ಸದಸ್ಯತ್ವ ಸಂಖ್ಯೆ ಹೇಳಿ, ‘ನನ್ನ ಹೆಸರಿನಲ್ಲಿ ಯಾವ ವಿಳಾಸವಿದೆ, ಗುಂಪಿನಲ್ಲಿ ನಾನಿದ್ದೇನೆಯೇ?’ ಎಂದು ಕೇಳಬಹುದು. ತಮ್ಮ ವಿವರವನ್ನು ತಮಗೆ ತೋರಿಸಲಾಗುವುದು. ಇತರ ಸದಸ್ಯರ ವಿಳಾಸಗಳನ್ನು ಕೊಡಲಾಗುವುದಿಲ್ಲ. ವಿಳಾಸ ಬದಲಾದರೆ ಬರವಣಿಗೆಯಲ್ಲಿ ತಿಳಿಸಿ ಸಹಿ ಹಾಕಿರಿ. ಪತ್ರ ಬಾರದ ದೂರಿದ್ದರೆ 90 ದಿನ ಕಳೆಯುವ ಮೊದಲೇ ಹೇಳಿರಿ, ಆಮೇಲೆ ಜಾಡು ಸಿಗುವುದಿಲ್ಲ. ಈ-ಮೇಲ್ ಬೇಡವೆನ್ನುವವರಿಗೆ ಅಂಚೆ ಎಂದಿನಂತೆ ಇದ್ದೇ ಇದೆ. ಮುಂದಿನ ಮಹಾಸಭೆಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ಈ ಒಂದು ಪ್ರಶ್ನೆಯನ್ನು ಕೇಳಿ ಉತ್ತರ ಪಡೆದಿರಬೇಕೆಂದು ಕೋರುತ್ತೇವೆ.

– ಕಾರ್ಯದರ್ಶಿ