ಮೋಡದ ಬೆಳಕು, ಹೂವಿನ ಬೆಲೆ

ಹೂವಿನ ಛಾಯಾಚಿತ್ರಕ್ಕೆ ಒಳ್ಳೆಯ ಬಿಸಿಲು ಬೇಕೆಂಬುದು ಸಾಮಾನ್ಯ ನಂಬಿಕೆ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ನಾಲ್ಕು ದಿನ ಕ್ಯಾಮೆರಾ ಹಿಡಿದು ಓಡಾಡಿದವರು ಇದನ್ನು ಒಪ್ಪಲಾರರು. ನೆತ್ತಿಯ ಬಿಸಿಲಿನಲ್ಲಿ ಚೆಂಡುಹೂವಿನ ರಾಶಿಯ ಮೇಲ್ಭಾಗ ಬಿಳಿಚಿಕೊಳ್ಳುತ್ತದೆ, ಸಂದುಗಳು ಕಪ್ಪಾಗುತ್ತವೆ, ನಡುವಿನ ಛಾಯೆಗಳೆಲ್ಲ ಚಿತ್ರದಿಂದ ಮಾಯವಾಗುತ್ತವೆ. ಮೋಡ ಕವಿದ ದಿನ ಇಡೀ ಆಕಾಶವೇ ಒಂದು ದೀಪ. ಬೆಳಕು ಎಲ್ಲ ದಿಕ್ಕುಗಳಿಂದಲೂ ಮೆತ್ತಗೆ ಇಳಿದು ಎಸಳಿನ ಒಂದೊಂದು ಮಡಿಕೆಯನ್ನೂ ಬಿಡಿಸಿ ತೋರಿಸುತ್ತದೆ. ಆಕಾಶವನ್ನು ಮಾತ್ರ ಚೌಕಟ್ಟಿನೊಳಗೆ ಸೇರಿಸಬಾರದು. ಅದು ಬಿಳಿಯ ತೇಪೆಯಂತೆ ಕಾಣುತ್ತದೆ.

ಆದರೂ ಮಲ್ಲಿಗೆ ಸತಾಯಿಸುತ್ತದೆ. ಬಿಳಿಯ ರಾಶಿಯನ್ನು ಕಂಡ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ಭಾವಿಸಿ ಅದನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಷರನ್ನು ನಾವೇ ಒಂದು ಸ್ಟಾಪಿನಷ್ಟು ಏರಿಸಬೇಕು. ಹೊರಗಿನ ಬೀದಿಗಳಲ್ಲಿ ಬೇರೆಯದೇ ಫಜೀತಿ. ನೀಲಿ ಟಾರ್ಪಾಲಿನ ಕೆಳಗೆ ಸುರಿದ ಬಿಳಿ ಸೇವಂತಿಗೆ ಚಿತ್ರದಲ್ಲಿ ನೀಲಿಯಾಗಿಯೇ ಮೂಡುತ್ತದೆ. ನಮ್ಮ ಕಣ್ಣು ಅದನ್ನು ತಾನಾಗಿ ತಿದ್ದಿಕೊಳ್ಳುತ್ತದೆ, ಯಂತ್ರಕ್ಕೆ ಆ ಔದಾರ್ಯವಿಲ್ಲ.

ಈ ಬೆಳಕಿಗೆ ಇನ್ನೊಂದು ಲೆಕ್ಕವೂ ಇದೆ. ಬೆಂಗಳೂರಿನಲ್ಲಿ ಅದು ಧಾರಾಳವಾಗಿ ದೊರೆಯುವುದು ಮುಂಗಾರಿನ ಜೂನ್, ಜುಲೈ ತಿಂಗಳುಗಳಲ್ಲಿ. ಆಷಾಢ ಬರುವುದೂ ಬಹುಮಟ್ಟಿಗೆ ಆಗಲೇ. ಮದುವೆ, ಗೃಹಪ್ರವೇಶಗಳಿಲ್ಲದ ಆ ಮಾಸದಲ್ಲಿ ಬೇಡಿಕೆ ಕುಗ್ಗುತ್ತದೆ. ಗಿಡಕ್ಕೆ ಪಂಚಾಂಗ ತಿಳಿಯದು, ಅದು ಅರಳುತ್ತಲೇ ಇರುತ್ತದೆ. ಆಲ್ಫ್ರೆಡ್ ಮಾರ್ಷಲ್ 1890ರ ತಮ್ಮ ಗ್ರಂಥದಲ್ಲಿ ದಿನದಿನದ ಬೆಲೆಯನ್ನು ವಿವರಿಸಲು ಮೀನನ್ನು ಉದಾಹರಿಸಿದರು. ನಮ್ಮ ವಿದ್ಯಾರ್ಥಿಗಳಿಗೆ ಬಿಡಿಹೂವು ಅದಕ್ಕಿಂತ ಚೆನ್ನಾಗಿ ಒಗ್ಗುತ್ತಿತ್ತು. ಕೂಡಿಡಲಾಗದ ಸರಕು ಮಾರುಕಟ್ಟೆಗೆ ಬಂದಮೇಲೆ ಅದರ ಬೆಲೆಯನ್ನು ಹೇಳುವವನು ಕೊಳ್ಳುವವನೇ.

ಮಳೆ ಬಂದರಂತೂ ಕೇಳುವುದೇ ಬೇಡ. ಎಸಳಿನ ಮೇಲಿನ ಹನಿ ಛಾಯಾಗ್ರಾಹಕನಿಗೆ ಮುತ್ತು. ಹನಿಯಿಲ್ಲದಿದ್ದರೆ ನೀರು ಚಿಮುಕಿಸಿ ಚಿತ್ರ ತೆಗೆಯುವವರೂ ಉಂಟು. ವ್ಯಾಪಾರಿಗೆ ಅದೇ ಹನಿ ದೋಷ. ತೊಯ್ದ ಹೂವು ತಕ್ಕಡಿಯಲ್ಲಿ ನೀರಿನ ತೂಕವನ್ನೂ ತೂಗುತ್ತದೆ, ಮೂಟೆಯೊಳಗೆ ಕಾವೇರಿ ಬೇಗ ಕೊಳೆಯುತ್ತದೆ. ಆತ ರಾಶಿಯೊಳಕ್ಕೆ ಕೈ ತೂರಿಸಿ ಹಿಚುಕಿ ನೋಡಿ ದರವನ್ನು ತಗ್ಗಿಸುತ್ತಾನೆ. ಆನೇಕಲ್ಲಿನಿಂದಲೋ ಚಿಕ್ಕಬಳ್ಳಾಪುರದಿಂದಲೋ ನಸುಕಿನಲ್ಲೇ ಹೊರಟುಬಂದ ಬೆಳೆಗಾರ ಆ ಮೂಟೆಯನ್ನು ಮರಳಿ ಒಯ್ಯುವಂತಿಲ್ಲ. ಬಿಡಿಸಿದ ಕೂಲಿ, ಸಾಗಣೆ, ಕಮಿಷನ್ ಕಳೆದು ಉಳಿದದ್ದೇ ಅವನ ಪಾಲು.

ಹೂವಿನ ಮಾರುಕಟ್ಟೆಯ ಸುಂದರ ಚಿತ್ರಗಳು ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಅವು ನನಗೂ ಇಷ್ಟವೇ. ಹಾದಿಗೆ ಅಡ್ಡ ನಿಲ್ಲದೆ, ಕಟ್ಟುವವರನ್ನು ಒಂದು ಮಾತು ಕೇಳಿ, ಎರಡು ಮೊಳ ಕೊಂಡು ಚಿತ್ರ ತೆಗೆದರೆ ಯಾರೂ ಬೇಸರಿಸುವುದಿಲ್ಲ. ನನ್ನ ತಕರಾರು ಅಡಿಬರಹದ ಬಗ್ಗೆ. ವರಮಹಾಲಕ್ಷ್ಮಿ ವ್ರತದ ಮುನ್ನಾದಿನ ಕನಕಾಂಬರದ ದರ ಗಗನಕ್ಕೇರಿತೆಂದು ಪತ್ರಿಕೆಗಳು ಚಿತ್ರಸಮೇತ ಬರೆಯುತ್ತವೆ. ಅದು ಕೊಳ್ಳುವವರ ದೂರು. ಬೆಳೆಗಾರನ ಕೈಗೆ ಎಷ್ಟು ಬಂತೆಂಬುದು ಅಲ್ಲಿ ಇರುವುದಿಲ್ಲ. ಆಷಾಢದ ಒಂದು ಮೋಡದ ಬೆಳಿಗ್ಗೆ ಅದೇ ಮಾರುಕಟ್ಟೆಗೆ ಛಾಯಾಗ್ರಾಹಕರನ್ನು ಕಳುಹಿಸಬಹುದು. ಬೆಳಕಂತೂ ಆಗ ಇನ್ನೂ ಚೆನ್ನಾಗಿರುತ್ತದೆ. ಚಿತ್ರದ ಕೆಳಗೆ ಆ ದಿನ ಒಂದು ಕಿಲೋ ಚೆಂಡುಹೂವಿಗೆ ರೈತನಿಗೆ ದೊರೆತ ದರವನ್ನು ಅಚ್ಚುಮಾಡಲು ಒಂದು ಸಾಲು ಸಾಕು.